ಕುಲಕಸುಬು ರಕ್ತದಲ್ಲಿತ್ತೆ? ಅಲ್ ಕೂಜ್ ಕೊಡುವ ಉತ್ತರ

ದುಬೈನ ಶೇಖ್ ಜಾಯೆದ್ ರಸ್ತೆಗೂ ಅಲ್ ಖೈಲ್ ರಸ್ತೆಗೂ ನಡುವೆ ಹರಡಿರುವ ಅಲ್ ಕೂಜ್ ಪ್ರವಾಸಿಗರನ್ನು ಸೆಳೆಯುವ ಊರಲ್ಲ. ಹೋಗುವವರು ಸಾಮಾನ್ಯವಾಗಿ ಅಲ್‌ಸರ್ಕಾಲ್ ಅವೆನ್ಯೂವಿನ ಕಲಾ ಗ್ಯಾಲರಿಗಳನ್ನು ನೋಡಿ ಹಿಂತಿರುಗುತ್ತಾರೆ. ಆ ಗ್ಯಾಲರಿಗಳು ಎದ್ದದ್ದೂ ಹಳೆಯ ಅಮೃತಶಿಲೆ ಕಾರ್ಖಾನೆಯ ಜಾಗದಲ್ಲೇ. ಉಳಿದದ್ದೆಲ್ಲ ದುಡಿಮೆಯ ನೆಲ. ನಾಲ್ಕು ಕೈಗಾರಿಕಾ ವಿಭಾಗಗಳ ತುಂಬ ಕಾರು ಗ್ಯಾರೇಜುಗಳು, ವೆಲ್ಡಿಂಗ್ ಶೆಡ್ಡುಗಳು, ಮರಗೆಲಸದ ಕಾರ್ಖಾನೆಗಳು, ಗೋದಾಮುಗಳು, ನಡುನಡುವೆ ಲೇಬರ್ ಕ್ಯಾಂಪುಗಳು. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರ ಅಜ್ಜಂದಿರು ಬೇಸಾಯಗಾರರೋ ಬೆಸ್ತರೋ ಕೂಲಿಗಳೋ ಆಗಿದ್ದವರು. ಮೊಮ್ಮಕ್ಕಳು ಗೇರ್‌ಬಾಕ್ಸ್ ಬಿಚ್ಚುತ್ತಾರೆ, ಉಕ್ಕು ಬೆಸೆಯುತ್ತಾರೆ, ಕಂಪ್ಯೂಟರ್ ಹೇಳಿದಂತೆ ಕಲ್ಲು ಕೊಯ್ಯುತ್ತಾರೆ. ಮನುಷ್ಯನ ಸಾಮರ್ಥ್ಯ ಹುಟ್ಟಿನಿಂದ ಬರುತ್ತದೋ, ಬೆಳೆಸಿದ ರೀತಿಯಿಂದಲೂ ದುಡಿಮೆಯಿಂದಲೂ ಬರುತ್ತದೋ ಎಂಬ ಹಳೆಯ ಜಗಳವನ್ನು ಇಂಥ ಜಾಗದಲ್ಲಿ ನಿಂತು ನೋಡುವುದು ಒಳ್ಳೆಯದು. ಕುಟುಂಬದಿಂದ ಕುಟುಂಬಕ್ಕೆ ಇಳಿದು ಬಂದದ್ದರಲ್ಲಿ ಬಹುಪಾಲು ತರಬೇತಿ, ಹತ್ಯಾರ, ಸಾಲ ಮತ್ತು ಪರಿಚಯ. ದೂರದಿಂದ ನೋಡುವವರಿಗೆ ಅದು ರಕ್ತದಂತೆ ಕಾಣುತ್ತದೆ. ಅಲ್ ಕೂಜ್‌ನ ಹಿಂದಿರುವ ಎರಡು ಕರಾವಳಿಗಳ ಚರಿತ್ರೆ, ಅರಬ್ಬರದೂ ನಮ್ಮದೂ, ಇದನ್ನೇ ಹೇಳುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಅವರ ಕರಾವಳಿ. ಎಣ್ಣೆ ಸಿಗುವ ಮುನ್ನ ದುಬೈ ಬದುಕಿದ್ದು ಮುತ್ತಿನ ಮೇಲೆ. ಬೇಸಗೆಯ ನಾಲ್ಕು ತಿಂಗಳು ದೋಣಿಗಳು ಕಡಲಿಗಿಳಿಯುತ್ತಿದ್ದವು. ಮೂಗಿಗೆ ಚಿಮಟ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು ಮುಳುಗುವವನೊಬ್ಬ, ಮೇಲೆ ಹಗ್ಗ ಹಿಡಿದು ನಿಂತು ಅವನನ್ನು ಎಳೆದುಕೊಳ್ಳುವವನೊಬ್ಬ, ಇವರೆಲ್ಲರ ಮೇಲೆ ದೋಣಿಯ ನಾಯಕ ನಖೋದಾ. ಸಿಕ್ಕ ಮುತ್ತಿನ ದೊಡ್ಡ ಪಾಲು ಮುಂಬಯಿಯ ವ್ಯಾಪಾರಿಗಳ ಕೈಸೇರುತ್ತಿತ್ತು. 1966ರವರೆಗೂ ದುಬೈನಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ರೂಪಾಯಿಯೇ. ನಾಲ್ಕಾರು ತಲೆಮಾರು ಮುಳುಗಿದ ಮನೆತನಗಳನ್ನು ಕಂಡ ಹೊರಗಿನವರು ಅವರದು ಹುಟ್ಟಿನಿಂದಲೇ ಬಂದ ಉಸಿರು ಎಂದು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಮುಳುಗುತ್ತಿದ್ದವರು ಯಾರು ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಮರುಭೂಮಿಯ ಒಳನಾಡಿನಿಂದ ಬೆದೂಯಿನರು ಹಂಗಾಮಿಗೆಂದು ಬಂದು ಮುಳುಗುತ್ತಿದ್ದರು. ವರ್ಷದ ಉಳಿದ ಕಾಲ ಅವರು ಒಂಟೆ, ಖರ್ಜೂರ ನೋಡಿಕೊಂಡಿರುವವರು. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದ ಜನರನ್ನೂ ಮುಳುಗಿಸಲಾಗುತ್ತಿತ್ತು. ಮುಳುಗುವ ವಿದ್ಯೆ ಬಂದದ್ದು ಚಿಕ್ಕಂದಿನಲ್ಲಿ ದೋಣಿ ಹತ್ತಿಸಿದ್ದರಿಂದ, ಹತ್ತದೆ ವಿಧಿಯಿಲ್ಲದ್ದರಿಂದ. ವಿಧಿಯಿಲ್ಲದಂತೆ ಮಾಡಿದ್ದು ಸಾಲ. ನಖೋದಾನಿಂದ ಮುಂಗಡ ಪಡೆದವನು ತೀರಿಸದೆ ಸತ್ತರೆ ಸಾಲ ಮಗನ ಹೆಗಲಿಗೆ ಬೀಳುತ್ತಿತ್ತು, ಮಗ ಅದೇ ಕಡಲಿಗೆ ಇಳಿಯಬೇಕಿತ್ತು. ಬಹ್ರೈನ್‌ನಲ್ಲಿ 1920ರ ದಶಕದ ಸುಧಾರಣೆಗಳು ಕೈಹಾಕಿದ್ದು ಈ ಸಾಲದ ಪದ್ಧತಿಗೇ. ಆ ಮನೆಗಳಲ್ಲಿ ತಂದೆಯಿಂದ ಮಗನಿಗೆ ಖಚಿತವಾಗಿ ಇಳಿದು ಬಂದ ಆಸ್ತಿ ಎಂದರೆ ಶ್ವಾಸಕೋಶವಲ್ಲ, ಲೆಕ್ಕದ ಪುಸ್ತಕ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಗ್ನೇಯ ಏಷ್ಯಾದ ಬಜಾವು ಎಂಬ ಕಡಲ ಅಲೆಮಾರಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಅವರ ಗುಲ್ಮ, ಅಂದರೆ ರಕ್ತದ ಕೆಂಪುಕಣಗಳನ್ನು ಕೂಡಿಡುವ ಅಂಗ, ನೆರೆಯ ಸಲುವಾನ್ ಜನರದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದು. ಮುಳುಗದ ಬಜಾವುಗಳಲ್ಲೂ ಅದು ದೊಡ್ಡದೇ. ಆದ್ದರಿಂದ ಇದು ಅಭ್ಯಾಸದ ಫಲವಲ್ಲ, ವಂಶವಾಹಿಯ ಕೊಡುಗೆ. ಈ ಸಂಗತಿಯನ್ನು ತಳ್ಳಿಹಾಕುವಂತಿಲ್ಲ. ಅನುವಂಶೀಯತೆಗೆ ಪಾತ್ರವೇ ಇಲ್ಲ ಎನ್ನುವವರು ಇಲ್ಲಿಗೇ ಸೋತಂತೆ. ಆದರೆ ಅಂಥ ಮಾರ್ಪಾಡಿಗೆ ಬೇಕಾದ ಕಾಲವನ್ನೂ ಗಮನಿಸಬೇಕು: ವರ್ಷವಿಡೀ ನೀರಿನ ಮೇಲೇ ಬದುಕಿ, ತಮ್ಮತಮ್ಮಲ್ಲೇ ಮದುವೆಯಾಗಿ, ಅಸಂಖ್ಯ ತಲೆಮಾರು ಕಳೆದ ಜನ ಅವರು. ನಾಲ್ಕು ತಿಂಗಳಿಗೆ ಮರಳುಗಾಡಿನಿಂದ ಬಂದು ಹೋಗುತ್ತಿದ್ದವರ ಕತೆ ಬೇರೆ. ಇನ್ನೂ ಮುಖ್ಯವಾದುದು ಮುಂದೆ ನಡೆದದ್ದು. ಜಪಾನಿನ ಮಿಕಿಮೊಟೊ ಕೃಷಿ ಮಾಡಿದ ಮುತ್ತು ಮಾರುಕಟ್ಟೆಗೆ ಬಂತು, 1929ರ ಜಾಗತಿಕ ಕುಸಿತ ಬಂತು, ಮುಳುಗುವ ಕಸುಬು ಕಣ್ಣೆದುರೇ ಸತ್ತಿತು. 1966ರಲ್ಲಿ ದುಬೈನ ಕಡಲಲ್ಲಿ ಎಣ್ಣೆ ಸಿಕ್ಕಿತು, 1971ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ಒಕ್ಕೂಟವಾಯಿತು, 1976ರಲ್ಲಿ ಅಲ್ ಐನ್‌ನಲ್ಲಿ ದೇಶದ ಮೊದಲ ವಿಶ್ವವಿದ್ಯಾಲಯ ತೆರೆಯಿತು. 2019ರಲ್ಲಿ ಹಜ್ಜಾ ಅಲ್ ಮನ್ಸೂರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. 2021ರ ಫೆಬ್ರವರಿಯಲ್ಲಿ ಈ ದೇಶದ ಹೋಪ್ ನೌಕೆ ಮಂಗಳನ ಕಕ್ಷೆ ಸೇರಿತು. ಅಮೆರಿಕದ ವಿಶ್ವವಿದ್ಯಾಲಯಗಳ ನೆರವು ಅದಕ್ಕಿತ್ತು, ಎಣ್ಣೆಯ ಹಣವೂ ಇತ್ತು. ಆಕ್ಷೇಪಕ್ಕೆಂದು ಎತ್ತುವ ಈ ಎರಡು ಮಾತೂ ನನ್ನ ವಾದವನ್ನೇ ಗಟ್ಟಿಮಾಡುತ್ತವೆ. ಎರಡು-ಮೂರು ತಲೆಮಾರಿನಲ್ಲಿ ಒಂದು ಜನದ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಹಣ, ಕಲಿಸುವವರು.

ಈಗ ಅರಬ್ಬೀ ಸಮುದ್ರದ ಈಚೆಯ ದಡ. ತುಳುನಾಡಿನಲ್ಲಿ ಕಸುಬು ಎಂದರೆ ಜಾತಿಯೇ ಆಗಿತ್ತು: ಬಲೆ ಮೊಗವೀರರದು, ಮೂರ್ತೆದಾರಿಕೆ ಬಿಲ್ಲವರದು, ಮಡಕೆ ಕುಲಾಲರದು, ಗಾಣ ಗಾಣಿಗರದು, ಮರ, ಕಬ್ಬಿಣ, ಚಿನ್ನ ಆಚಾರಿಗಳದು. ಈ ವ್ಯವಸ್ಥೆಗೆ ವಿಜ್ಞಾನದ ಮುದ್ರೆ ಒತ್ತಲು ವಸಾಹತುಶಾಹಿ ಆಡಳಿತ ಹೊರಟಿತು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಯ ಸ್ಥಾನ ಹೇಳಬಹುದೆಂದು ವಾದಿಸಿದ. ಆದರೆ ಅದೇ ಕಾಲಕ್ಕೆ ಮಂಗಳೂರಿನಲ್ಲಿ ಇದಕ್ಕೆ ವಿರುದ್ಧವಾದ ಪ್ರಯೋಗವೊಂದು, ಯಾರೂ ಪ್ರಯೋಗವೆಂದು ಕರೆಯದೆ, ಅರ್ಧ ಶತಮಾನದಿಂದ ನಡೆಯುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರ ಮತಕ್ಕೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಸೇರಿದ ಕೂಡಲೇ ಅವರಿಗೆ ಜಾತಿಯ ಕಸುಬೂ ಹೋಯಿತು, ಒಕ್ಕಲು ಜಮೀನೂ ಹೋಯಿತು. ಹೊಟ್ಟೆಪಾಡಿಗೆ ಹೊಸ ಕಸುಬು ಕಲಿಸುವುದು ಮಿಶನ್ನಿಗೆ ಅನಿವಾರ್ಯವಾಯಿತು. 1841ರಲ್ಲಿ ಅಚ್ಚುಕೂಟ ಬಂತು, ಆಮೇಲೆ ನೇಯ್ಗೆ. ಅಲ್ಲಿನ ಜಾನ್ ಹಾಲರ್ ಕಂಡುಕೊಂಡ ಖಾಕಿ ಬಣ್ಣದ ಬಟ್ಟೆ ಹೆಸರಾಯಿತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ. ಮರ ಹತ್ತಿ ಕಳ್ಳಿಳಿಸುತ್ತಿದ್ದವರ ಮಕ್ಕಳು ಮೊಳೆ ಜೋಡಿಸಿದರು, ಪುಸ್ತಕಕ್ಕೆ ರಟ್ಟು ಕಟ್ಟಿದರು, ಮಗ್ಗ ನಡೆಸಿದರು, ಯಂತ್ರ ರಿಪೇರಿ ಮಾಡಿದರು, ಕಿಟ್ಟೆಲ್ ನಿಘಂಟಿನಂಥ ಬೃಹತ್ ಗ್ರಂಥ ಅಚ್ಚಾಗಿ 1894ರಲ್ಲಿ ಹೊರಬಂದ ಕಾರ್ಖಾನೆಯಲ್ಲಿ ದುಡಿದರು. ಮಂಗಳೂರು ಹಂಚು ಕಡಲಾಚೆಯ ದೇಶಗಳ ಮಾಡಿಗೂ ಏರಿತು. ಈ ಕುಟುಂಬಗಳ ರಕ್ತ ದೀಕ್ಷೆಯ ನೀರಿನಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು, ಅಲ್ಲಿ ಯಾರು ಹೇಳಿಕೊಡುತ್ತಿದ್ದರು ಎಂಬುದು ಮಾತ್ರ. ಮಿಶನ್ ಕಾರ್ಖಾನೆಗಳ ಶಿಸ್ತು ಕಟುವಾಗಿತ್ತು, ಕೂಲಿ ಧಾರಾಳವಾಗಿರಲಿಲ್ಲ. ಅದನ್ನು ಧರ್ಮಕಾರ್ಯವೆಂದು ಕೊಂಡಾಡಬೇಕಿಲ್ಲ. ಪುರಾವೆಯಾಗಿ ಮಾತ್ರ ಅದನ್ನು ಮರೆಯುವಂತಿಲ್ಲ.

ಹಾಗಾದರೆ ಅಕ್ಕಸಾಲಿಗನ ಮಗ ಬೇರೆಯವರಿಗಿಂತ ಬೇಗ ಒಳ್ಳೆಯ ಅಕ್ಕಸಾಲಿಗನಾಗುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಆದರೆ ಕಾರಣ ಹುಡುಕಬೇಕಾದ್ದು ಅವನ ಮನೆಯ ಜಗಲಿಯಲ್ಲಿ. ಐದು ವರ್ಷದ ಮಗು ಕುಲುಮೆಯ ಪಕ್ಕ ಕೂತು ಯಾವ ಬಣ್ಣಕ್ಕೆ ಬಂದಾಗ ಚಿನ್ನ ತೆಗೆಯಬೇಕೆಂದು ನೋಡುತ್ತದೆ. ಎಂಟಕ್ಕೆ ತಿದಿ ಊದುತ್ತದೆ. ಹನ್ನೆರಡಕ್ಕೆ ತಂತಿ ಎಳೆಯುತ್ತದೆ. ತಪ್ಪಿದರೆ ಅಪ್ಪನ ಗದರಿಕೆ, ಸರಿಯಾದರೆ ಮುಂದಿನ ಪಾಠ. ಹತ್ತು ವರ್ಷದ ಈ ಗುರುಕುಲಕ್ಕೆ ಶುಲ್ಕವಿಲ್ಲ, ಪ್ರವೇಶ ಮಾತ್ರ ಆ ಮನೆಯ ಗಂಡುಮಕ್ಕಳಿಗೆ. ಅದೇ ಮನೆಯ ಹೆಣ್ಣುಮಕ್ಕಳಿಗೆ ಅದೇ ತಂದೆಯ ರಕ್ತವಿತ್ತು, ಕುಲುಮೆಯ ಮುಂದಿನ ಮಣೆ ಇರಲಿಲ್ಲ; ಅವರು ಅಕ್ಕಸಾಲಿಗರಾಗಲಿಲ್ಲ. ಕುಲಕಸುಬು ರಕ್ತದಲ್ಲಿದೆ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಕೊಡಬೇಕು. ಮನೆಯ ಹೊರಗಿನವರಿಗೆ ಮಣೆ ಸಿಕ್ಕಾಗ ಏನಾಯಿತೆಂಬುದಕ್ಕೂ ನಿದರ್ಶನವಿದೆ. 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದ ರೆಂಜಾಳ ಗೋಪಾಲ ಶೆಣೈ ಕೊಂಕಣಿ ಮಾತಾಡುವ ಗೌಡ ಸಾರಸ್ವತರು. ಕಲ್ಲು ಕೆತ್ತುವುದು ಆ ಸಮುದಾಯದ ಕುಲಕಸುಬಲ್ಲ.

ಬಾಗಿಲು ತೆರೆಯುವ ಈ ಕೆಲಸವನ್ನು ಕುದ್ಮುಲ್ ರಂಗರಾಯರು ಇನ್ನೂ ಕೆಳಗಿನಿಂದ ಶುರುಮಾಡಿದರು. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಸಂಸ್ಥೆ ಕಟ್ಟಿ, ಅಕ್ಷರದ ಜೊತೆಗೆ ನೇಯ್ಗೆಯಂಥ ಕಸುಬನ್ನೂ ಕಲಿಸಿದರು. ತಮ್ಮ ಜಾತಿಯವರ ಬಹಿಷ್ಕಾರವನ್ನು ಸಹಿಸಿದರು. 1946ರಲ್ಲಿ ಮಂಗಳೂರಿಗೆ ಪಾಲಿಟೆಕ್ನಿಕ್ ಬಂತು, 1950ರಿಂದ ದೇಶದಾದ್ಯಂತ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ತರಬೇತಿ ಶುರುವಾಯಿತು. ಅಲ್ಲಿ ಮೊದಲ ಬಾರಿಗೆ ಆಚಾರಿಯ ಮಗನೂ ಬೆಸ್ತನ ಮಗನೂ ಒಂದೇ ಬೆಂಚಿನ ಮೇಲೆ ಅರ ಹಿಡಿದು ಕಬ್ಬಿಣ ತಿಕ್ಕಿದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫಿಗೆ ಕೈಗಳು ಬೇಕಾದಾಗ ಕರಾವಳಿಯಲ್ಲಿ ಅಂಥ ಕೈಗಳು ತಯಾರಿದ್ದವು. ದುಬೈನ ಜನಸಂಖ್ಯೆ 1968ರಲ್ಲಿ 59 ಸಾವಿರವೂ ಇರಲಿಲ್ಲ, 1975ಕ್ಕೆ 1.83 ಲಕ್ಷ ದಾಟಿತು, 2005ಕ್ಕೆ 13 ಲಕ್ಷ ಮೀರಿತು. ಬೆಳೆಯುವ ಊರು ತನ್ನ ಗ್ಯಾರೇಜು, ಗೋದಾಮುಗಳನ್ನು ಒಳಗಿನ ಮರಳಿಗೆ ತಳ್ಳುತ್ತ ಹೋದಂತೆ ಅಲ್ ಕೂಜ್ ತುಂಬಿತು. ಇಲ್ಲಿನ ಕಲಿಕೆಗೆ ಜಗಲಿಯೂ ಇಲ್ಲ, ಬೆಂಚೂ ಇಲ್ಲ. ಹೆಲ್ಪರ್ ವೀಸಾದಲ್ಲಿ ಬಂದವನು ಸ್ಪ್ಯಾನರ್ ಎತ್ತಿಕೊಡುತ್ತ ಬೋಲ್ಟಿನ ಅಳತೆ ಕಲಿಯುತ್ತಾನೆ, ಕಾರಿನ ನೆಗ್ಗು ಎತ್ತುವವನ ಪಕ್ಕ ನಿಂತು ತಗಡು ಎಲ್ಲಿ ಮಣಿಯುತ್ತದೆಂದು ಕಲಿಯುತ್ತಾನೆ, ಮಲಯಾಳಿ ಫೋರ್‌ಮನ್‌ನಿಂದಲೋ ಪಾಕಿಸ್ತಾನಿ ಮೇಸ್ತ್ರಿಯಿಂದಲೋ ಬೈಸಿಕೊಂಡು ಹಿಂದಿಯನ್ನೂ ಕಲಿಯುತ್ತಾನೆ. ಶೇಖ್ ಜಾಯೆದ್ ರಸ್ತೆಯ ಬದಿಗೆ 2001ರಲ್ಲಿ ತೆರೆದ ಗೋಲ್ಡ್ ಆ್ಯಂಡ್ ಡೈಮಂಡ್ ಪಾರ್ಕಿನಲ್ಲಿ ಆಭರಣ ತಯಾರಿಕೆಯೂ ಕಾರ್ಖಾನೆಯ ಕೆಲಸ. ಎರಕ, ಹರಳು ಕೂರಿಸುವುದು, ಮೆರುಗು ಎಂದು ಕಸುಬು ಬಿಡಿಬಿಡಿಯಾದಾಗ, ಕುಲದ ಹೊರಗಿನವರಿಗೂ ಒಂದೊಂದು ತುಂಡನ್ನು ಕಲಿಯುವ ದಾರಿ ತೆರೆಯಿತು.

ಅಲ್ ಕೂಜ್‌ನ ಶೆಡ್ಡಿಗೆ ಇನ್ನೊಂದು ಗುಣವಿದೆ: ಅಲ್ಲಿನ ಅರಬ್ ಮಾಲೀಕನಿಗೋ ಫಿಲಿಪಿನೋ ಸ್ಟೋರ್‌ಕೀಪರಿಗೋ ನಮ್ಮ ಹುಡುಗನ ಕುಲನಾಮದಿಂದ ಯಾವ ಸುಳಿವೂ ಸಿಗುವುದಿಲ್ಲ. ಇದು ಎಷ್ಟು ದೊಡ್ಡ ಮಾತೆಂದು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ತೋರಿಸಿತು. ಮೇಲ್ಜಾತಿಯ 321, ಕೆಳಜಾತಿಯ 321 ಶಾಲಾ ಹುಡುಗರಿಗೆ ಕಾಗದದ ಮೇಲೆ ಬರೆದ ಚಕ್ರವ್ಯೂಹಗಳಿಂದ ಹೊರಬರುವ ದಾರಿ ಹುಡುಕಲು ಕೊಟ್ಟರು. ಜಾತಿಯ ಮಾತೆತ್ತದಿದ್ದಾಗ ಎರಡೂ ಗುಂಪಿನ ಸಾಧನೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಹೆಸರು, ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಅದೇ ಮಿದುಳು, ಅದೇ ಮಧ್ಯಾಹ್ನ. ನಡುವೆ ಬಂದದ್ದು ಒಂದು ಘೋಷಣೆ. ಗಲ್ಫಿನಲ್ಲಿ ಈ ಘೋಷಣೆ ನಿಂತಿತೆಂದು ಹೇಳುವಂತಿಲ್ಲ. ಕ್ಯಾಂಪಿನ ಕೋಣೆಯೊಳಗೆ ನಮ್ಮವರೇ ಜಾತಿ ವಿಚಾರಿಸುವುದುಂಟು. ಶೆಡ್ಡಿನಲ್ಲಿ ಪಾಸ್‌ಪೋರ್ಟು ಜಾತಿಯ ಕೆಲಸ ಮಾಡುತ್ತದೆ: ಇಂಥ ದೇಶದವರು ಭಾರ ಹೊರಲು, ಇಂಥವರು ಲೆಕ್ಕ ಬರೆಯಲು, ಇಂಥವರು ಗಿರಾಕಿಯ ಮುಂದೆ ನಿಲ್ಲಲು ಎಂಬ ನಂಬಿಕೆ ಸಂಬಳದ ಚೀಟಿಯಲ್ಲೂ ಇಣುಕುತ್ತದೆ. ಒಂದು ಊರಿನವರು ಒಂದೇ ಕೆಲಸದಲ್ಲಿ ತುಂಬಿರುವುದನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ಅದಕ್ಕೆ ಕಾರಣ ಸರಳ. ಮೊದಲು ಬಂದವನು ತಮ್ಮನಿಗೆ ವೀಸಾ ಕೊಡಿಸುತ್ತಾನೆ, ತಮ್ಮ ಭಾವನಿಗೆ ಕೊಡಿಸುತ್ತಾನೆ. ನೂರು ವರ್ಷ ಹೀಗೇ ನಡೆದರೆ ಆಗ ಯಾರಾದರೊಬ್ಬರು ಅದನ್ನೂ ರಕ್ತವೆಂದು ಬರೆಯುತ್ತಾರೆ.

ವಿಜ್ಞಾನದ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಂಭೀರ. 1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಪ್ರಸಿದ್ಧರ ವಂಶಾವಳಿ ಹರಡಿ, ಪ್ರತಿಭೆ ಮನೆತನದಲ್ಲಿ ಹರಿಯುತ್ತದೆಂದ. ನಾಲ್ಕು ವರ್ಷದ ಬಳಿಕ ಸ್ವಿಸ್ ಸಸ್ಯವಿಜ್ಞಾನಿ ಅಲ್ಫಾನ್ಸ್ ದ ಕಂದೋಲ್, ವಿಜ್ಞಾನಿಗಳು ಹೆಚ್ಚಾಗಿ ಹುಟ್ಟುವುದು ಒಳ್ಳೆಯ ಶಾಲೆ, ಗ್ರಂಥಾಲಯ, ವಿಚಾರ ಸ್ವಾತಂತ್ರ್ಯ ಇರುವ ಕಡೆ ಎಂದು ಲೆಕ್ಕ ಕೊಟ್ಟು ಉತ್ತರಿಸಿದ. ಇಂದಿನ ಪುರಾವೆ ಗಾಲ್ಟನ್ನಿನದಕ್ಕಿಂತ ಎಷ್ಟೋ ಗಟ್ಟಿ. ಐವತ್ತು ವರ್ಷಗಳ ಅವಳಿಮಕ್ಕಳ ಅಧ್ಯಯನಗಳನ್ನೆಲ್ಲ ಕೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆ, ಮನುಷ್ಯರ ಗುಣಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಸರಾಸರಿ ಶೇ. 49ರಷ್ಟಕ್ಕೆ ಅನುವಂಶೀಯತೆ ಕಾರಣ ಎಂದಿತು. ಇದನ್ನು ಒಪ್ಪಬೇಕು; ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಲೆಕ್ಕ ಸಲೀಸು, ಇನ್ನೊಬ್ಬನಿಗೆ ಕಷ್ಟ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಆದರೆ ಆ ಶೇಕಡಾವಾರು ಹೇಳುವುದು ಒಂದು ಕಾಲದ ಒಂದು ಸಮಾಜದೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರವನ್ನು. ಒಂದೇ ಚೀಲದ ಬಿತ್ತನೆ ಭತ್ತವನ್ನು ಅರ್ಧ ಬೈಲು ಗದ್ದೆಗೂ ಅರ್ಧ ಬೆಟ್ಟು ಗದ್ದೆಗೂ ಹಾಕಿದರೆ, ಒಂದೊಂದು ಗದ್ದೆಯೊಳಗಿನ ತೆನೆಗಳ ಏರುಪೇರಿಗೆ ಬೀಜ ಕಾರಣವಾಗಬಹುದು; ಎರಡು ಗದ್ದೆಗಳ ನಡುವಿನ ಅಂತರಕ್ಕೆ ಕಾರಣ ಮಣ್ಣು, ನೀರು. ಎತ್ತರವನ್ನೇ ನೋಡಿ. ಒಂದು ತಲೆಮಾರಿನೊಳಗೆ ಅದು ಬಹುಮಟ್ಟಿಗೆ ಅನುವಂಶೀಯ. ಆದರೂ 1896ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಹೆಣ್ಣುಮಕ್ಕಳಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರ್ ಎತ್ತರ ಬೆಳೆದರು. ಬುದ್ಧಿಯ ಪರೀಕ್ಷೆಗಳಲ್ಲೂ ಹೀಗೇ: ಹಾಲೆಂಡಿನಲ್ಲಿ ಸೈನ್ಯಕ್ಕೆ ಸೇರುವ ಯುವಕರ ಅಂಕ 1952ರಿಂದ 1982ರೊಳಗೆ ಸುಮಾರು 20 ಏರಿತೆಂದು ಜೇಮ್ಸ್ ಫ್ಲಿನ್ ತೋರಿಸಿದರು. ಆದ್ದರಿಂದ ವ್ಯಕ್ತಿಗಳ ನಡುವಿನ ಅಂತರಕ್ಕೆ ಸಲ್ಲುವ ವಾದವನ್ನು ಜಾತಿ, ಊರು, ದೇಶಗಳ ನಡುವಿನ ಅಂತರಕ್ಕೆ ಅನ್ವಯಿಸುವುದು ತರ್ಕದ ತಪ್ಪು. ರಿಸ್ಲೆ ಮಾಡಿದ್ದೂ ಅದನ್ನೇ.

ಇಷ್ಟು ಹೇಳಿದ ಮೇಲೆ ಎದುರು ದಡದ ಸುಳ್ಳನ್ನೂ ಹೇಳಬೇಕು. ಗಲ್ಫಿನಲ್ಲಿ ಗೆದ್ದವರ ಸನ್ಮಾನ ಸಭೆಗಳಲ್ಲಿ ಕೇಳಿಬರುವ ಮಾತು, ದುಡಿದರೆ ಯಾರು ಬೇಕಾದರೂ ಮೇಲೇರಬಹುದು ಎಂಬುದು. ಅಲ್ ಕೂಜ್‌ನ ಕ್ಯಾಂಪುಗಳೇ ಇದಕ್ಕೆ ಉತ್ತರ. ಬೇಸಗೆಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಹುದ್ದೆಯಲ್ಲೇ ಊರಿಗೆ ಮರಳುವವರಿಗೆ ಶ್ರಮ ಕಡಿಮೆಯಾಗಿತ್ತೆಂದು ಹೇಳಲು ಯಾರಿಗೂ ನಾಲಗೆ ಏಳಲಾರದು. ಅಭ್ಯಾಸದ ಬಲದ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಉದ್ದೇಶಪೂರ್ವಕ ಅಭ್ಯಾಸ ಸಾಧನೆಯ ವ್ಯತ್ಯಾಸವನ್ನು ಚದುರಂಗದಂಥ ಆಟಗಳಲ್ಲಿ ಶೇ. 26ರಷ್ಟು, ಸಂಗೀತದಲ್ಲಿ ಶೇ. 21ರಷ್ಟು, ಕ್ರೀಡೆಯಲ್ಲಿ ಶೇ. 18ರಷ್ಟು ವಿವರಿಸುತ್ತದೆ; ವೃತ್ತಿಗಳಲ್ಲಿ ಶೇ. 1ಕ್ಕಿಂತ ಕಡಿಮೆ. ದುಡಿಮೆ ಫಲ ಕೊಡುವುದು ಅದು ಕಲಿಕೆಯಾದಾಗ. ಇಪ್ಪತ್ತು ವರ್ಷ ಮೂಟೆ ಹೊತ್ತವನಿಗೆ ಮೂಟೆ ಹೊರುವುದು ಮಾತ್ರ ಬರುತ್ತದೆ. ಎರಡು ವರ್ಷ ಲೇತ್ ಯಂತ್ರದ ಪಕ್ಕ ನಿಲ್ಲಲು ಬಿಟ್ಟವನಿಗೆ ಕಸುಬು ಬರುತ್ತದೆ. ಇನ್ನೊಂದು ಆಕ್ಷೇಪವೂ ಇದೆ: ವಲಸೆ ಹೋಗುವವರೇ ಊರಿನ ಚುರುಕು ಹುಡುಗರು, ಅವರ ಯಶಸ್ಸಿನಿಂದ ಎಲ್ಲರ ಬಗ್ಗೆ ಹೇಳಲಾಗದು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದರೆ ಹಂಚಿನ ಕಾರ್ಖಾನೆಗೆ ಹೋದವರನ್ನು ಯಾರೂ ಜಾಣತನ ನೋಡಿ ಆರಿಸಿರಲಿಲ್ಲ. ಮುತ್ತಿಗೆ ಮುಳುಗುತ್ತಿದ್ದವರ ಮೊಮ್ಮಕ್ಕಳು ಎಲ್ಲಿಗೂ ವಲಸೆ ಹೋಗಲಿಲ್ಲ, ಅವರು ಇದ್ದಲ್ಲಿಗೇ ಶಾಲೆ ಬಂತು. ಗಲ್ಫಿಗೆ ಹೋದ ಚುರುಕು ಹುಡುಗರು ಕೂಡ ಅದೇ ಚುರುಕನ್ನು ಇಟ್ಟುಕೊಂಡು ಊರಿನಲ್ಲಿ ತಲೆಮಾರುಗಟ್ಟಲೆ ಗೇಣಿ ಗದ್ದೆ ಉತ್ತವರ ಮಕ್ಕಳೇ.

ಇಂದು ದುಬೈ, ಅಬುಧಾಬಿಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳ ಅಂಕಪಟ್ಟಿ ನೋಡಿ ಬಂಧುಗಳು ವಂಶದ ಬುದ್ಧಿ ಎನ್ನುತ್ತಾರೆ. ಅಪ್ಪನ ಕುಟುಂಬ ವೀಸಾ, ಶಾಲೆಯ ಶುಲ್ಕ, ಸಂಜೆಯ ಟ್ಯೂಷನ್ನು, ಮನೆಯಲ್ಲಿ ಓದು ಬಲ್ಲ ತಾಯಿ ಆ ಲೆಕ್ಕದಲ್ಲಿ ಬರುವುದಿಲ್ಲ. ಕ್ಯಾಂಪಿನಲ್ಲಿ ಮಲಗುವವನಿಗೆ ಕುಟುಂಬ ಕರೆತರುವಷ್ಟು ಸಂಬಳವಿಲ್ಲ. ಅವನ ಮಗು ಊರಿನ ಶಾಲೆಯಲ್ಲಿ ಹಿಂದುಳಿದರೆ ಅದನ್ನೂ ವಂಶದ ಖಾತೆಗೇ ಬರೆಯುತ್ತಾರೆ. ಚರಿತ್ರೆ ಈ ಎರಡು ಬರಹಗಳನ್ನೂ ಒಪ್ಪುವುದಿಲ್ಲ. ಹುಟ್ಟು ಒಬ್ಬೊಬ್ಬರಿಗೆ ಒಂದೊಂದು ಒಲವು, ಒಂದೊಂದು ಮಿತಿ ಕೊಡುತ್ತದೆ. ಅದನ್ನು ಜಾತಿ, ದೇಶಗಳ ಪ್ರಕಾರ ಹಂಚಿಟ್ಟಿದೆ ಎಂಬುದಕ್ಕೆ ಕರಾವಳಿಯ ಇನ್ನೂರು ವರ್ಷಗಳಲ್ಲಿ ಆಧಾರ ಸಿಗುವುದಿಲ್ಲ. ಶ್ರಮ ಅಗತ್ಯ, ಸಾಕಾಗುವುದಿಲ್ಲ. ಕಲಿಸುವ ಕೈ, ಕಲಿಯಲು ಬಿಡುವು, ತಪ್ಪಲು ಅವಕಾಶ, ಹತ್ಯಾರಕ್ಕೆ ಹಣ ಇವು ಸಿಕ್ಕ ಕಡೆ ಒಂದೇ ತಲೆಮಾರಿನಲ್ಲಿ ಹಳೆಯ ಕುಲಗಳಿಗೆ ಹೊಸ ಕಸುಬು ಬಂದಿದೆ. ಆದ್ದರಿಂದ ಯಾರನ್ನಾದರೂ ಕಂಡು ಅವನಿಗದು ರಕ್ತದಲ್ಲೇ ಬಂದಿದೆ ಎನ್ನುವ ಮುನ್ನ, ಅವನಿಗೆ ಯಾರು ಕಲಿಸಿದರು, ಯಾವ ವಯಸ್ಸಿನಿಂದ, ಯಾರ ಖರ್ಚಿನಲ್ಲಿ ಎಂದು ಓದುಗರು ಒಮ್ಮೆ ಕೇಳಿ ನೋಡಲಿ. ಆ ಮೂರಕ್ಕೂ ಉತ್ತರ ಸಿಕ್ಕ ಮೇಲೆ ರಕ್ತದ ಪಾಲಿಗೆ ಉಳಿಯುವುದು ನಾವು ನಂಬಿಕೊಂಡು ಬಂದದ್ದಕ್ಕಿಂತ ಬಹಳ ಕಡಿಮೆ.